ಅವ್ವನ ರೇಡಿಯೋ, ಆಶ್ಯಾನ ಪೆಡಲ್

"ಅವನಿಗೆ ಬಯ್ಯಬ್ಯಾಡ್ರಿ. ಮುಂದಿನ ಮಾತು ಹೇಳ್ರಿ."

ನನ್ನ ಹೆಂಡತಿ ಸಲೋಮಿ ನನಗೆ ಹೇಳಿದ ಕಡೇ ಮಾತು ಇದು. ಆಸ್ಪತ್ರೆ ಮಂಚದ ಮೇಲೆ ಹೇಳಿದಳು. ನಗುತ್ತಾ ಹೇಳಿದಳು. ಯಾಕೆ ನಕ್ಕಳು ಅನ್ನೋದು ತಿಳಿಯಬೇಕಾದರೆ ನಮ್ಮ ಮಗನ ಕತೆ ಕೇಳಬೇಕು.

ನಮಗೊಬ್ಬನೇ ಮಗ. ಹೆಸರು ಆಶೀರ್ವಾದ. ಬೆಟಗೇರಿಯ ನಮ್ಮ ಓಣಿಗೆಲ್ಲ ಆಶ್ಯಾ. ಮೂವತ್ತು ದಾಟಿದೆ. ಕೈ ಚುರುಕು, ತಲೆ ನಿಧಾನ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ನಿನ್ನೆ ಹೇಳಿದ್ದನ್ನು ಇವತ್ತೂ ಮಾಡುತ್ತಾನೆ. ತೊಂದರೆ ಅಷ್ಟೇ.

ನಾನು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮಷಿನಿಗೆ ಎಣ್ಣೆ ಹಾಕುತ್ತಿದ್ದವನು. ನಾಕನೇ ಇಯತ್ತೆಗೆ ಸಾಲೆ ಬಿಟ್ಟೆ. ಮಾತು ಕಮ್ಮಿ. ಮಗನಿಗೆ ಹೇಳೋದು, ಕೇಳೋದು, ಬಯ್ಯೋದು ಎಲ್ಲ ಆಕೆಯದೇ.

ಆಶ್ಯಾನಿಗೆ ಒಂದು ಹುಚ್ಚು. ಗಿಟಾರಿನ ಪೆಡಲ್ ಮಾಡೋದು. ಅಂಗೈ ಅಗಲದ ತಗಡಿನ ಡಬ್ಬಿ ಅದು. ಗಿಟಾರಿನ ವಾಯರು ಒಂದು ಕಡೆ ಒಳಗೆ ಹೋಗಿ, ಇನ್ನೊಂದು ಕಡೆ ಹೊರಗೆ ಬಂದು, ಸ್ಪೀಕರಿಗೆ ಹೋಗುತ್ತದೆ. ಡಬ್ಬಿಯನ್ನು ನೆಲದ ಮೇಲಿಟ್ಟು ಅದರ ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಬಾರಿಸುವವನ ಎರಡೂ ಕೈ ಗಿಟಾರಿನ ಮೇಲೆ ಇರುತ್ತವಲ್ಲ, ಅದಕ್ಕೆ. ಒತ್ತಿದರೆ ದನಿ ಒರಟಾಗುತ್ತದೆ, ಉದ್ದಾಗುತ್ತದೆ. ಯಾರೋ ಗಂಟಲು ಬಿಚ್ಚಿ ಕರೆದ ಹಾಗೆ.

ನಮ್ಮ ಚರ್ಚಿನಲ್ಲಿ ಗಿಟಾರ್ ಬಾರಿಸುವವರು ಯೋಹಾನ ಮಾಸ್ತರರು. ಅವರ ಪೆಡಲ್ ಒಮ್ಮೆ ಕೆಟ್ಟಿತು. ಆಶ್ಯಾ ಬಿಚ್ಚಿ ನೋಡಿದ. ಅವತ್ತಿಗೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಹಳೇ ರೇಡಿಯೋ ಬಿಚ್ಚೋದು, ಒಳಗಿನದು ಕಿತ್ತು ಬೆಸೆಯೋದು, ಒತ್ತಿ ನೋಡೋದು. ನಾಕು ಮಾಡಿದರೆ ಒಂದು ದನಿ ಕೊಡುತ್ತಿತ್ತು.

ಮನೆ ತುಂಬ ಸಣ್ಣ ಸಣ್ಣ ಸಾಮಾನು. ಸಲೋಮಿಯ ಅಂಗಾಲಿಗೆ ಚುಚ್ಚಿತು.

"ಏ ಆಶ್ಯಾ, ಇವನ್ನ ನೆಲಕ್ಕ ಚೆಲ್ಲಬ್ಯಾಡೋ. ಡಬ್ಬಿಯೊಳಗ ಹಾಕಿ ಮುಚ್ಚಿಡು."

"ಆತವ್ವ."

ಹೇಳಿದ್ದು ಹೇಳಿದಂಗ ಮಾಡಿದ. ಡಬ್ಬಿಯೊಳಗೆ ಹಾಕಿದ, ಮುಚ್ಚಿಟ್ಟ. ಅದು ಸಾಸಿವೆ ಡಬ್ಬಿ. ಆಕೆ ಒಗ್ಗರಣೆ ಕೊಟ್ಟಳು. ಸಾಸಿವೆ ಚಟಪಟ ಅಂತು. ಅಕ್ಕಿಕಾಳಿನಷ್ಟು ದಪ್ಪದ, ಬಣ್ಣದ ಪಟ್ಟಿಯ ನಾಕು ರೆಸಿಸ್ಟರ್ ಸಾರಿನೊಳಗೆ ತೇಲಿದವು.

"ಎಂಥಾ ಮಗನ್ನ ಹಡದೆ ನಾನು. ಸಾರಿಗೆ ಬ್ಯಾಟರಿ ಒಂದು ಹಾಕಿಲ್ಲ ನೋಡು. ಇನ್ನ ಮ್ಯಾಲ ನನ್ನ ಅಡಿಗಿ ಡಬ್ಬಿ ಮುಟ್ಟಬ್ಯಾಡ."

"ಆತವ್ವ."

ಆಮೇಲೆ ಆಕೆಗೆ ಜಡ್ಡಾಯಿತು. ಆಸ್ಪತ್ರೆಗೆ ಹಾಕಿದೆವು. ನಾನು ಮಂಚದ ಹತ್ತಿರ ಕೂತೆ. ಆಶ್ಯಾನಿಗೆ ಹೇಳಿದೆ, "ಮನ್ಯಾಗ ಅನ್ನ ಸಾರು ಮಾಡಿಟ್ಟೀನಿ. ಅವ್ವಗ ತೊಗೊಂಡು ಬಾ."

ತಂದ. ಅಡಿಗೆ ಡಬ್ಬಿ ಮುಟ್ಟಲಿಲ್ಲ. ಪೆಡಲ್ ಡಬ್ಬಿಯೊಳಗೆ ತಂದ. ಗುಂಡಿಗೆ ಒಂದು, ವಾಯರಿಗೆ ಎರಡು, ತಿರುವೋ ಬಿರಡೆಗೆ ಎರಡು, ಒಟ್ಟು ಐದು ತೂತು ಅದಕ್ಕೆ. ಬೆಟಗೇರಿಯಿಂದ ಆಸ್ಪತ್ರೆ ತನಕ ದಾರಿ ತುಂಬ ಸಾರು. ಹಿಂದೆ ಎರಡು ನಾಯಿ. ಡಬ್ಬಿ ಬಿಚ್ಚಿದರೆ ಒಣ ಅನ್ನ, ಅದರೊಳಗೆ ಒಂದು ಸ್ಕ್ರೂ.

ನನಗೆ ಸಿಟ್ಟು ಬಂತು. ಎದ್ದೆ. ಸಲೋಮಿ ನಕ್ಕಳು. ಎಷ್ಟು ನಕ್ಕಳು ಅಂದರೆ ತೂಗುಹಾಕಿದ ಸಲಾಯಿನ್ ಬಾಟ್ಲಿ ಅಲುಗಾಡಿತು. ಸ್ಕ್ರೂ ಎತ್ತಿ ಅವನ ಕೈಗೆ ಕೊಟ್ಟಳು.

"ಆಶ್ಯಾ, ನನ್ನ ರೇಡಿಯೋ ಐತೆಲ್ಲ, ಅದನ್ನ ತೊಗೋ. ಒಂದು ಛಲೋ ಪೆಡಲ್ ಮಾಡು. ನನ್ನ ಹಾಡು ಮಾಸ್ತರ ಅದರಾಗ ಬಾರಸಲಿ."

"ಆತವ್ವ."

ಅವನು ಕೈ ತೊಳೆಯಲಿಕ್ಕೆ ಹೋದ. ಆಗ ನನ್ನ ಕಡೆ ತಿರುಗಿ ಆ ಮಾತು ಹೇಳಿದಳು. ಬಯ್ಯಬ್ಯಾಡ್ರಿ. ಮುಂದಿನ ಮಾತು ಹೇಳ್ರಿ. ಹೇಳಿ ಕಣ್ಣು ಮುಚ್ಚಿದಳು. ಮಧ್ಯಾಹ್ನ ಮೂರಕ್ಕೆ ಹೋದಳು.

ತಿಂಗಳಿಗೆ ಚರ್ಚಿನಲ್ಲಿ ಆಕೆಯ ನೆನಪಿನ ಆರಾಧನೆ ಇಟ್ಟರು. ಆದಿತ್ಯವಾರ. ಅಷ್ಟರೊಳಗೆ ಪೆಡಲ್ ಆಗಬೇಕು. ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮಾಸ್ತರರು ಬಂದು ರೇಡಿಯೋ ನೋಡಿದರು. ಒಳಗೆ ಮೂರು ಟ್ರಾನ್ಸಿಸ್ಟರ್ ಜೀವಂತ ಇದ್ದವು. ಕಾಳುಮೆಣಸಿಗಿಂತ ತುಸು ದೊಡ್ಡವು, ಮೂರು ಕಾಲಿನವು.

"ಪೆಡಲಿಗೆ ಎರಡು ಬೇಕು. ಒಂದು ಹೆಚ್ಚಿಗೆ ಐತಿ. ಭಾಳ ಹಳೇವು ಇವು, ಪ್ಯಾಟ್ಯಾಗ ಸಿಗಂಗಿಲ್ಲ. ಹೋದ್ರ ಹೋದಂಗ," ಅಂದರು.

ಆಶ್ಯಾ ಮೊದಲನೇದನ್ನೇ ಸುಟ್ಟ. ಕಾದ ಬೆಸುಗೆ ಕಡ್ಡಿ ಅದರ ಕಾಲಿಗೆ ಹಿಡಿದು, ಒಂದು ಎರಡು ಮೂರು ಅಂತ ಎಣಿಸುತ್ತಾ ಕೂತಿದ್ದ. ಉಳಿದದ್ದು ಎರಡು.

ಬಾಯಿ ತೆರೆದೆ. ಸಲೋಮಿ ನೆನಪಾದಳು. ಬಾಯಿ ಮುಚ್ಚಿದೆ. ಮುಂದಿನ ಮಾತು ಏನು? ನನಗೆ ಗೊತ್ತಿರೋದು ಫ್ಯಾಕ್ಟರಿ ಒಂದೇ. ಅಲ್ಲಿ ಬೇರಿಂಗ್ ಕಾದರೆ ಒದ್ದೆ ಗೋಣಿ ಹಾಕುತ್ತಿದ್ದೆವು.

"ಬಿಸಿ ಆಗೋದಕ್ಕ ಒದ್ದಿ ಅರಬಿ ಸುತ್ತು," ಅಂದೆ.

"ಆತಪ್ಪಾ."

ಹೇಳಿದ್ದು ಹೇಳಿದಂಗ ಮಾಡಿದ. ಒದ್ದೆ ಬಟ್ಟೆ ಸುತ್ತಿ ಎರಡನ್ನೂ ಬೆಸೆದ. ಎರಡೂ ಉಳಿದವು. ಸರಿಯಾಗಿ ಹೇಳಿದೆನಲ್ಲ ಅಂತ ನನಗೂ ತುಸು ಎದೆ ಉಬ್ಬಿತು.

ಮರುದಿನ ಬ್ಯಾಟರಿ ಕೂಡಿಸಿದ. ತಂತಿ ತಿರುವಮುರುವ ಆಗಿ ಬ್ಯಾಟರಿ ಬೆಚ್ಚಗಾಯಿತು. ಬಿಸಿ ಆಗೋದಕ್ಕೆ ಏನು ಮಾಡಬೇಕು? ಒದ್ದೆ ಬಟ್ಟೆ ಸುತ್ತಬೇಕು. ಸುತ್ತಿದ. ಸುತ್ತಿ ಡಬ್ಬಿಯೊಳಗೆ ತುರುಕಿ ಮುಚ್ಚಿದ. ಸಂಜೆಗೆ ತೆಗೆದರೆ ಬ್ಯಾಟರಿ ಹಸಿರು ನೊರೆ ಕಾರಿತ್ತು.

"ಅಲ್ಲೋ, ಕರೆಂಟಿನ ಸಾಮಾನಿಗೆ ನೀರು ಹಾಕತಾರೇನು? ಹಸಿ ಕಂಡ್ರ ಒಣಗಸಬೇಕು. ಮಾಳಿಗಿ ಮ್ಯಾಲ ಬಿಸಲಾಗ ಇಡಬೇಕು."

"ಆತಪ್ಪಾ."

ಎರಡು ದಿನಕ್ಕೆ ಯೋಹಾನ ಮಾಸ್ತರರು ಗಿಟಾರ್ ತಂದರು. ಪೆಡಲಿಗೆ ಹಚ್ಚಿ ನೋಡಲಿಕ್ಕೆ. ಬರುವಾಗ ಹನಿ ಬಿದ್ದು ಗಿಟಾರ್ ಹಸಿಯಾಗಿತ್ತು. "ನಾಳೆ ಬರ್ತೀನಿ," ಅಂತ ಬಿಟ್ಟುಹೋದರು.

ಮರುದಿನ ಸುಡು ಬಿಸಿಲು. ಮಾಳಿಗೆ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದೆ. ಮೆಣಸಿನಕಾಯಿ ನಡುವೆ ಗಿಟಾರ್ ಅಂಗಾತ ಮಲಗಿತ್ತು. ಮಾಸ್ತರರು ಬಂದು ಎತ್ತಿಕೊಂಡರು. ತಂತಿ ಜೋತುಬಿದ್ದಿತ್ತು, ಅಂಟು ಬಿಟ್ಟಿತ್ತು. ನಾಕು ಸೀನು ಸೀನಿದರು.

"ಮಸಾಲಿ ಅರಿಯೋದೊಂದು ಬಾಕಿ ಇತ್ತಲ್ಲೋ ಮಾರಾಯ," ಅಂದರು. ಸಿಟ್ಟಿನ ಮನುಷ್ಯ ಅಲ್ಲ ಅವರು. "ಗಿಟಾರ್ ಅಂದ್ರ ಕೂಸು ಇದ್ದಂಗ. ಬಿಸಲಿಗೆ ಹಾಕಬಾರದು. ಕೌದಿ ಸುತ್ತಿ ನೆರಳಾಗ ಮಲಗಸಬೇಕು. ತಿಳೀತಿಲ್ಲ?"

"ತಿಳೀತರಿ. ಕೌದಿ ಸುತ್ತಿ ನೆರಳಾಗ ಮಲಗಸಬೇಕು."

ಗಿಟಾರ್ ಅವರೇ ತೊಗೊಂಡು ಹೋಗಿ ಅಂಟು ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಉಳಿದದ್ದು ಕೌದಿ.

ಸಲೋಮಿ ಹೊಲಿದ ಕೌದಿ ಅದು. ಆಕೆಯ ಸೀರೆ, ನನ್ನ ಫ್ಯಾಕ್ಟರಿ ಅಂಗಿ, ಆಶ್ಯಾನ ಸಾಲೆ ಚಡ್ಡಿ, ಎಲ್ಲ ತುಂಡು ಅದರೊಳಗಿವೆ. ತಿಂಗಳಿಂದ ನಾನು ಅದನ್ನೇ ಹೊದೆಯುತ್ತಿದ್ದೆ.

ಗುರುವಾರ ಆಶ್ಯಾ ಬೆಸೆಯುತ್ತಿದ್ದ. ಕರೆಂಟ್ ಹೋಯಿತು. ಬೆಸುಗೆ ಕಡ್ಡಿ ಕೈಯಲ್ಲಿ. ಮಾಸ್ತರರು ಹೇಳಿದ್ದು ನೆನಪಾಯಿತು ಅವನಿಗೆ. ಕೌದಿ ತಂದ, ಕಡ್ಡಿಗೆ ಸುತ್ತಿದ, ಮೂಲೆಯಲ್ಲಿ ನೆಲದ ಮೇಲೆ ನೆರಳಲ್ಲಿ ಮಲಗಿಸಿದ. ಕಡ್ಡಿಯ ವಾಯರು ಗೋಡೆಯ ಪ್ಲಗ್ಗಿನಲ್ಲೇ ಇತ್ತು. ರೊಟ್ಟಿ ತಿನ್ನಲಿಕ್ಕೆ ಕೂತ. ಕರೆಂಟ್ ಬಂತು.

ನಾನು ಹೊರಗಿಂದ ಬಂದೆ. ಹೊಗೆ. ಓಡಿಹೋಗಿ ಕೌದಿಯನ್ನು ಕಾಲಿನಿಂದ ಒದ್ದೆ, ತುಳಿದೆ, ಆರಿಸಿದೆ. ನಡುವೆ ತಟ್ಟೆಯಷ್ಟು ತೂತು. ಆಕೆಯ ಹಸಿರು ಸೀರೆಯ ತುಂಡು ಇತ್ತು ಅಲ್ಲಿ.

ಆಗ ಬಯ್ದೆ.

"ತಲಿಯೊಳಗೇನು ಹತ್ತಿ ತುಂಬೇತೇನು ನಿನಗ. ಆಕಿ ಹೋದ್ಲು. ಆಕಿ ಕೈಲೆ ಹೊಲದದ್ದು ಒಂದಿತ್ತು, ಅದನ್ನೂ ಸುಟ್ಟಿ. ಸಾಕು. ಪೆಡಲ್ ಬ್ಯಾಡ, ಗಿಡಲ್ ಬ್ಯಾಡ. ನೀ ಇನ್ನ ಏನೂ ಮಾಡಬ್ಯಾಡ."

"ಆತಪ್ಪಾ."

ಹೇಳಿದ್ದು ಹೇಳಿದಂಗ ಮಾಡಿದ. ಏನೂ ಮಾಡಲಿಲ್ಲ. ಅರ್ಧ ತಿಂದ ರೊಟ್ಟಿ ಅಲ್ಲೇ ಬಿಟ್ಟ. ಗೋಡೆಗೆ ಆನಿಕೊಂಡು ಕೂತ. ಊಟಕ್ಕೆ ಕರೆಯಲಿಲ್ಲ ನಾನು, ಅವನು ಬರಲಿಲ್ಲ. ಮಲಗಿ ಎದ್ದೆ. ಹಾಗೇ ಕೂತಿದ್ದ. ಮುಖ ತೊಳೆದಿರಲಿಲ್ಲ, ಕೂದಲು ಬಾಚಿರಲಿಲ್ಲ. ತುಟಿ ಒಣಗಿತ್ತು. ಕೆನ್ನೆ ಮೇಲೆ ನೊಣ ಕೂತರೂ ಓಡಿಸಲಿಲ್ಲ.

"ನೀರರೆ ಕುಡಿಯಲೇ," ಅಂದೆ.

ಕುಡಿದ. ಚೆಂಬು ಖಾಲಿ ಮಾಡಿದ. ಚೆಂಬು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

"ಮುಂದಿನ ಮಾತು ಹೇಳಪ್ಪಾ."

ಆಸ್ಪತ್ರೆಯಲ್ಲಿ ಆಕೆ ಆ ಮಾತು ಹೇಳಿದಾಗ ಅವನು ಕೈ ತೊಳೆಯಲಿಕ್ಕೆ ಹೋಗಿದ್ದ. ಕೇಳಿಸಿಕೊಂಡಿದ್ದ ಅಂತ ನನಗೆ ಗೊತ್ತಿರಲಿಲ್ಲ.

ನಾನು ಪಕ್ಕದಲ್ಲಿ ಕೂತೆ. ಆಮೇಲೆ ಒಂದೊಂದೇ ಹೇಳಿದೆ. ಚೆಂಬು ಕೆಳಗ ಇಡು. ಇಟ್ಟ. ಮಾರಿ ತೊಳಕೋ. ತೊಳಕೊಂಡ. ರೊಟ್ಟಿ ತಿನ್ನು. ತಿಂದ.

"ಈಗ ಪೆಡಲ್ ಮುಗಸು. ಮತ್ತ ಒಂದು ಮಾತು. ಅವ್ವನ ಸಾಮಾನು ನೆಲದ ಮ್ಯಾಲ ಇಡಬ್ಯಾಡ. ಎತ್ತರಕ್ಕ ಇಡು. ನಾ ನಿನ್ನಿ ಕೌದಿ ತುಳದ್ನಿ, ತಪ್ಪಾತು. ಆಕಿ ಸಾಮಾನಿಗೆ ಯಾರ ಕಾಲೂ ತಾಗಬಾರದು."

"ಆತಪ್ಪಾ."

ಶನಿವಾರ ಸಂಜೆಗೆ ಪೆಡಲ್ ಮುಗಿಯಿತು. ರೇಡಿಯೋದ ತಗಡಿನಿಂದಲೇ ಡಬ್ಬಿ ಮಾಡಿದ್ದ. ದನಿ ಹೆಂಗೆ ಅಂತ ನೋಡಲಿಕ್ಕೆ ಹೊತ್ತಿರಲಿಲ್ಲ.

ಆದಿತ್ಯವಾರ ಚರ್ಚ್ ತುಂಬಿತ್ತು. ಆಶ್ಯಾ ಎಲ್ಲರಿಗಿಂತ ಮುಂಚೆ ಹೋಗಿ ವಾಯರು ಜೋಡಿಸಿದ್ದ. ಪ್ರಾರ್ಥನೆ ಆಯಿತು. ಮಾಸ್ತರರು ಗಿಟಾರ್ ಹಾಕಿಕೊಂಡು ಎದ್ದು ನಿಂತರು. ಸಲೋಮಿ ಹಾಡುತ್ತಿದ್ದ ಹಾಡು ಶುರು ಮಾಡಿದರು. ಮೊದಲ ಸಾಲು ಸಣ್ಣ ದನಿಯಲ್ಲಿ ಬಂತು. ಎರಡನೇ ಸಾಲಿಗೆ ಪೆಡಲ್ ಒತ್ತಬೇಕು. ಕಾಲು ಎತ್ತಿದರು. ಆ ಕಡೆ ಇಟ್ಟರು, ಈ ಕಡೆ ಇಟ್ಟರು. ಗುಡಿ ಮುಂದೆ ಚಪ್ಪಲಿ ಕಳಕೊಂಡವರ ಹಾಗೆ ಹುಡುಕಿದರು. ಬಾರಿಸೋದು ನಿಂತಿತು.

"ಆಶ್ಯಾ, ಪೆಡಲ್ ಎಲ್ಲೋ?"

ಆಶ್ಯಾ ಮೇಲೆ ಬೊಟ್ಟು ಮಾಡಿದ.

ಹಾಡಿನ ಪುಸ್ತಕ ಇಡುವ ಕಪಾಟು ಇದೆ ನಮ್ಮಲ್ಲಿ. ಆಳೆತ್ತರಕ್ಕಿಂತ ಎತ್ತರ. ಅದರ ನೆತ್ತಿ ಮೇಲೆ ಪೆಡಲ್ ಕೂತಿತ್ತು. ಕೆಳಗೆ ಒಂದು ಬಿಳೇ ಕರವಸ್ತ್ರ ಹಾಸಿದ್ದ. ವಾಯರು ಎರಡೂ ಕಪಾಟಿನ ಮೇಲಿಂದ ಜೋತುಬಿದ್ದಿದ್ದವು.

"ಅದು ಕಾಲಾಗ ಒತ್ತೋದಲ್ಲೋ," ಅಂದರು ಮಾಸ್ತರರು.

"ಅವ್ವನ ರೇಡಿಯೋರಿ ಅದು. ಯಾರ ಕಾಲೂ ತಾಗಬಾರದು ಅಂತ ಅಪ್ಪ ಹೇಳ್ಯಾನ."

ಇಡೀ ಚರ್ಚ್ ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಒಬ್ಬಳು ಮುದುಕಿ, "ಖರೇ ಐತೆಲ್ಲ, ತಾಯಿ ಸಾಮಾನು ತುಳೀತಾರೇನು," ಅಂದಳು. ಯಾರೋ ಕಿಸಕ್ಕನೆ ನಕ್ಕರು. ಮಾಸ್ತರರು ಕೈಚೆಲ್ಲಿ ನಿಂತರು.

ಎಂದೂ ನಾನು ನಾಕು ಮಂದಿ ಮುಂದೆ ಮಾತಾಡಿದವನಲ್ಲ. ಎದ್ದೆ. ಬಯ್ಯಲಿಲ್ಲ.

"ಆಶ್ಯಾ, ಬೆಂಚು ಎಳಕೋ. ಹತ್ತು. ಮಾಸ್ತರ ತಲಿ ಆಡಿಸಿದಾಗ ಕೈಲೆ ಒತ್ತು. ನಾ ಹೇಳೋತನಕ ಕೈ ತೆಗೀಬ್ಯಾಡ."

"ಆತಪ್ಪಾ."

ಮಾಸ್ತರರು ಮತ್ತೆ ಮೊದಲಿಂದ ಶುರು ಮಾಡಿದರು. ಎರಡನೇ ಸಾಲಿಗೆ ತಲೆ ಆಡಿಸಿದರು. ಆಶ್ಯಾ ಒತ್ತಿದ.

ಬಂತು ದನಿ.

ಒರಟು ದನಿ, ಉದ್ದ ದನಿ. ಕಿಟಕಿ ಗಾಜು ಗುಂಯ್ ಅಂದವು. ತಿಂಗಳಿಂದ ನನ್ನ ಎದೆ ಮೇಲೆ ಯಾರೋ ಹತ್ತಿ ತುಂಬಿದ ಅಂಡಿಗೆ ಇಟ್ಟ ಹಾಗಿತ್ತು. ಇಳಿಸಿದ ಹಾಗಾಯಿತು. ಎರಡೂ ಟ್ರಾನ್ಸಿಸ್ಟರ್ ಬದುಕಿದ್ದವು. ಆಕೆ ಕೇಳಿದ್ದು ಆಯಿತು.

ಹಾಡು ಮುಗಿಯಿತು. ಆಶೀರ್ವಚನ ಆಯಿತು. ಮಂದಿ ಹೊರಗೆ ಬಂದರು. ಚಹಾ, ಖಾರಾ ಕೊಟ್ಟರು. ಒಬ್ಬೊಬ್ಬರೇ ಬಂದು ಕೈ ಹಿಡಿದರು. ಎರಡು ಕಪ್ ಚಹಾ ಕುಡಿದೆ. ರುಚಿ ಹತ್ತಿತು.

ಯೋಹಾನ ಮಾಸ್ತರರು ಬಂದು ಕೇಳಿದರು, "ಆಶ್ಯಾ ಎಲ್ಲಿ? ಚಹಾ ಕುಡಿಲಿಲ್ಲಲ್ಲ ಅಂವಾ."

ಕಪ್ ಕೆಳಗಿಟ್ಟು ಒಳಗೆ ಓಡಿದೆ. ಮಾಸ್ತರರೂ ಬಂದರು.

ಖಾಲಿ ಚರ್ಚ್. ಆಶ್ಯಾ ಬೆಂಚಿನ ಮೇಲೆ ತುದಿಗಾಲಲ್ಲಿ ನಿಂತಿದ್ದ. ಕೈ ಕಪಾಟಿನ ಮೇಲೆ, ಗುಂಡಿಯ ಮೇಲೆ. ತೋಳು ನಡುಗುತ್ತಿತ್ತು. ಬೆವರು ಸುರಿಯುತ್ತಿತ್ತು.

"ಅಪ್ಪಾ, ಈಗ ತೆಗೀಲೇನು?"

ಮಾಸ್ತರರು ಬೆಂಚಿನ ಮೇಲೆ ಕುಸಿದು ನಕ್ಕರು. "ಪೆದ್ದ ಅಂವಾ ಅಲ್ರಿ, ನೀವು," ಅಂದರು ನನಗೆ. ನಾನೂ ನಕ್ಕೆ. ಆಕೆ ಹೋದ ಮೇಲೆ ಅದೇ ಮೊದಲು.

"ತೆಗಿಯಪಾ. ಇಳಿ. ಚಹಾ ಕುಡಿ. ಎರಡು ಕಪ್ ಕುಡಿ."

ಇಳಿದ. ಎರಡು ಕಪ್ ಕುಡಿದ.

ಮರುದಿನ ಮುಂಜಾನೆ ಕೌದಿ ತೆಗೆದು ಹೊಸ್ತಿಲ ಬೆಳಕಿಗೆ ಹಾಸಿದೆ. ಸಲೋಮಿಯ ಟ್ರಂಕಿನಿಂದ ಒಂದು ಹಳೇ ಸೀರೆ ತೆಗೆದು, ತೂತಿನಷ್ಟು ತುಂಡು ಕತ್ತರಿಸಿದೆ. ಸೂಜಿ ಕಣ್ಣು ನನಗೆ ಕಾಣಲಿಲ್ಲ. ಆಶ್ಯಾ ಪಕ್ಕದಲ್ಲಿ ಬಂದು ನಿಂತ.

"ಮುಂದೇನಪ್ಪಾ?"

"ಅವ್ವನ ಡಬ್ಬಿಯೊಳಗ ಸೂಜಿ ಅದಾವು. ದಾರ ಪೋಣಿಸಿ ತಾ."

ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಡಬ್ಬಿಯೊಳಗಿದ್ದ ಹನ್ನೊಂದು ಸೂಜಿಗೂ ದಾರ ಪೋಣಿಸಿ, ತನ್ನ ಅಂಗಿ ತೋಳಿಗೆ ಸಾಲಾಗಿ ಚುಚ್ಚಿಕೊಂಡು ಬಂದಿದ್ದ.

ಒಂದು ತೊಗೊಂಡು ಹೊಲಿಯಲಿಕ್ಕೆ ಕೂತೆ. ಇನ್ನೊಂದು ಅವನ ಕೈಗೆ ಕೊಟ್ಟು, ಮುಂದಿನ ಮಾತು ಹೇಳಿದೆ.