ಬಲಗಣ್ಣಿನಂಚಿನ ಬೆಳಕು

ಕಲ್ಲಿಗನೂರು ಮಠದ ಪೂಜ್ಯ ಶ್ರೀ ಗುರುಶಾಂತ ಸ್ವಾಮಿಗಳು ಗದ್ದುಗೆಯ ಮೇಲೆ ಕುಳಿತದ್ದಕ್ಕಿಂತ ದಾಸೋಹದ ಅಡುಗೆಮನೆಯಲ್ಲಿ ಕುಳಿತದ್ದೇ ಹೆಚ್ಚು. ಶ್ರಾವಣದ ಆ ಬೆಳಿಗ್ಗೆಯೂ ಅವರು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅವರ ಎಡಗಣ್ಣು ಸದಾ ಅರೆಮುಚ್ಚಿರುತ್ತಿತ್ತು. ಅದು ಶಿವಯೋಗದ ಗುರುತೆಂದು ನಂಬಿ ಭಕ್ತರು ಆ ಕಣ್ಣಿಗೇ ಕೈಮುಗಿಯುತ್ತಿದ್ದರು.

ಅಲ್ಲಿಗೆ ನೇಕಾರರ ನೀಲಗಂಗವ್ವ ಬಂದಳು. ಅವಳ ಹಿಂದೆ ಓಣಿಗೆ ಓಣಿಯೇ ಬಂದಿತ್ತು.

ಐದು ದಿನಗಳ ಹಿಂದೆ ಆಕೆ ಮಗ್ಗದ ಮುಂದೆ ಕುಳಿತಿದ್ದಾಗ ಬಿಳಿಯ ಹಾಸುನೂಲಿನ ಮೇಲೆ ಕರಿಯ ಎಳೆಗಳು ಅಂಟಿದಂತೆ ಕಂಡಿದ್ದವು. ಉಗುರಿನಿಂದ ಆಯ್ದರೂ ಬರಲಿಲ್ಲ. ಕಣ್ಣು ಹೊರಳಿದತ್ತ ಅವೂ ಹೊರಳುತ್ತಿದ್ದವು. ಮರುದಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟಾಗ ಪಕ್ಕದಲ್ಲಿ ಫಕ್ಕನೆ ಮಿಂಚು. ಕಣ್ಣು ಮುಚ್ಚಿದರೂ ಮಿಂಚು! ನಲವತ್ತು ವರ್ಷದ ಪೂಜೆಗೆ ಶಿವ ಕೊನೆಗೂ ಒಲಿದನೆಂದು ಆಕೆ ಅತ್ತುಬಿಟ್ಟಳು. ಎಳೆಗಳ ಮಾತು ಯಾರಿಗೂ ಹೇಳಲಿಲ್ಲ. ಬೆಳಕಿನ ಮಾತು ನೆರೆಯವಳಿಗೆ ಹೇಳಿದಳು. ಊರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಅವಳ ಕಾಲಿಗೆರಗುವವರು ಸಾಲುಗಟ್ಟಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗೆಲ್ಲ ಬಾಯಿಪಾಠ, ಆದರೆ ಆ ಹೊತ್ತಿಗೆ ಒಬ್ಬರಿಗೂ ನೆನಪಾಗಲಿಲ್ಲ.

"ಅಜ್ಜಾರ, ಹನ್ನೊಂದು ದಿನ ಬಾಗಲಾ ಹಾಕ್ಕೊಂಡು ಅನುಷ್ಠಾನಕ್ಕ ಕುಂದರತೀನ್ರಿ. ಪೂರಾ ದರ್ಶನ ಆಗಲಿ ಅಂತ ಅಪ್ಪಣಿ ಕೊಡ್ರಿ," ಎಂದು ನೀಲಗಂಗವ್ವ ಸೆರಗೊಡ್ಡಿದಳು.

ಸ್ವಾಮಿಗಳು ತಲೆಯೆತ್ತಿದರು. "ಬೆಳಕು ಎರಡೂ ಕಣ್ಣಿಗೆ ಕಾಣತೈತೇನವ್ವಾ?"

"ಇಲ್ರಿ. ಬಲಗಣ್ಣಿನ ಅಂಚಿಗಷ್ಟ."

"ಕರೀ ಎಳಿ ತೇಲತಾವೇನು?"

ಆಕೆ ಬೆಚ್ಚಿದಳು. ಅದನ್ನು ಮನೆಯ ಗೋಡೆಗೂ ಹೇಳಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಎಡಗಣ್ಣು ಮುಚ್ಚಿ ನನ್ನ ನೋಡು."

ಮುಚ್ಚಿದಳು. ಗುರುಗಳ ಮುಖ ಕಂಡಿತು. ಅದರ ಕೆಳಗೆ ಎದೆಯಿಲ್ಲ, ಮೊರವಿಲ್ಲ, ಪಾದಗಳಿಲ್ಲ. ಕರಿಯ ಪರದೆಯೊಂದು ಕೆಳಗಿನಿಂದ ಏರುತ್ತಿತ್ತು. "ಕೆಳಗೆಲ್ಲಾ ಕತ್ತಲಿ ಐತ್ರಿ ಅಜ್ಜಾರ," ಎಂದಳು.

ಸ್ವಾಮಿಗಳು ಮೊರ ಕೆಳಗಿಟ್ಟು ಎದ್ದುನಿಂತು, ನೆರೆದವರೆಲ್ಲರಿಗೂ ಕೇಳುವಂತೆ ನುಡಿದರು: "ನಾನೂ ಹಿಂಗ ಬೆಳಕು ಕಂಡಿದ್ದೆ. ಜ್ಯೋತಿ ಅಂತ ತಿಳದು ಹನ್ನೊಂದು ದಿನ ಕುಂತೆ. ಎದ್ದಾಗ ಈ ಕಣ್ಣು ಹೋಗಿತ್ತು. ಇದು ಯೋಗ ಅಲ್ಲ, ಕುರುಡು. ನೀವು ಕೈ ಮುಗದ್ರಿ, ನಾ ಸುಮ್ಮನ ಇದ್ದೆ. ಅದು ನನ್ನ ತಪ್ಪು."

ಶ್ರಾವಣದ ಪೂಜೆಯನ್ನು ಮಠದ ಕಿರಿಯ ಸ್ವಾಮಿಗಳಾದ ಮರಿದೇವರಿಗೆ ಒಪ್ಪಿಸಿ, ಸ್ವಾಮಿಗಳು ಆಗಲೇ ಮಠದ ಜೀಪು ಹೊರಡಿಸಿ ಆಕೆಯೊಂದಿಗೆ ಜಿಲ್ಲೆಯ ಕಣ್ಣಿನ ಆಸ್ಪತ್ರೆಗೆ ಹೋದರು.

ವೈದ್ಯೆ ಪರೀಕ್ಷಿಸಿ ಹೇಳಿದರು: "ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗುತ್ತದೆ. ಆಗ ಎಳೆ, ಚುಕ್ಕಿ ತೇಲುತ್ತವೆ. ಬಹಳ ಜನಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಆ ಲೋಳೆ ಹಿಂದಿನ ನರಪರದೆಯನ್ನು ಎಳೆದರೆ ಮಿಂಚು ಕಾಣುತ್ತದೆ. ಇವರಿಗೆ ಪರದೆ ಹರಿದು ಮೇಲಿನಿಂದ ಬಿಚ್ಚಿಕೊಳ್ಳುತ್ತಿದೆ. ಪರದೆಯ ಮೇಲ್ಭಾಗ ಬಿಚ್ಚಿದರೆ ಕತ್ತಲೆ ಕೆಳಗೆ ಕಾಣುತ್ತದೆ. ನಡುಭಾಗ ಇನ್ನೂ ಉಳಿದಿದೆ. ಇನ್ನೆರಡು ದಿನ ತಡವಾಗಿದ್ದರೆ ಅದೂ ಕಷ್ಟವಿತ್ತು." ಅಂದೇ ಶಸ್ತ್ರಚಿಕಿತ್ಸೆಯಾಯಿತು. ಕಣ್ಣೊಳಗೆ ತುಂಬಿದ ಅನಿಲದ ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಲೆಂದು ಮುಂದೆ ಹತ್ತು ದಿನ ನೀಲಗಂಗವ್ವ ಮುಖ ಕೆಳಗೆ ಮಾಡಿಯೇ ಮಲಗಬೇಕಾಯಿತು. ಹೆಮ್ಮೆಯಿಂದ ಕಾಲು ಚಾಚಿ ನಮಸ್ಕಾರ ಮಾಡಿಸಿಕೊಂಡದ್ದು ಆ ದಿನಗಳಲ್ಲಿ ಅವಳನ್ನು ಕಣ್ಣಿನ ನೋವಿಗಿಂತ ಹೆಚ್ಚಾಗಿ ಸುಟ್ಟಿತು.

ದೃಷ್ಟಿ ಉಳಿಯಿತು. ದೀಪಾವಳಿಗೆ ಆಕೆ ಮತ್ತೆ ಮಗ್ಗಕ್ಕೆ ಕುಳಿತಳು. ಪಕ್ಕದೂರಿನಿಂದ ಬಂದ ಒಬ್ಬಾಕೆ ಪಾದ ಮುಟ್ಟಲು ಬಗ್ಗಿ, "ಅವ್ವಾ, ನಿನಗ ಏನ ಕಂಡಿತ್ತು?" ಎಂದು ಕೇಳಿದಳು.

ನೀಲಗಂಗವ್ವ ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು.

"ರೋಗ ಕಂಡಿತ್ತವ್ವಾ. ಅದನ್ನ ರೋಗ ಅಂತ ಹೇಳಾಕ ತಮ್ಮ ಹಿರಿಮಿನ ಬಿಟ್ಟುಕೊಟ್ಟ ಗುರು ಕಂಡ್ರು. ಕೈ ಮುಗಿಯೂದಿದ್ರ ಅಲ್ಲಿಗೆ ಹೋಗು."