ಬಿಳಿಗೆ ಇಳಿಯುವ ನೀಲಿ

ಮಲಪ್ರಭೆಯ ದಂಡೆಯಲ್ಲಿ ಬಟ್ಟೆಗೆ ನೀಲಿ ಬಣ್ಣ ಹಾಕುವ ಮಲಕಾಜಪ್ಪನೆಂಬ ನೀಲಗಾರನಿದ್ದ. ಸೆರಗಿನ ಕಡುನೀಲಿ ತೆಳುವಾಗುತ್ತ, ತೆಳುವಾಗುತ್ತ ಬಿಳಿಯಲ್ಲಿ ಕರಗುವಂಥ ಸೀರೆ ಅವನದು. ನೀಲಿ ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅವನಿಗೆ ಶಿಷ್ಯೆ ಒಬ್ಬಳೇ, ಸಾವಂತ್ರಿ. ಒಂಬತ್ತು ವರ್ಷ ಬಟ್ಟೆ ತೊಳೆದಳು, ಬಣ್ಣದ ತೊಟ್ಟಿ ಕಲಕಿದಳು. ಅದ್ದುವ ಕೆಲಸ ಮಾತ್ರ ಗುರು ಬಿಟ್ಟುಕೊಡಲಿಲ್ಲ. ಹಟಮಾರಿ ಮುದುಕ, ಏನು ಹೇಳೋಣ.

ಆಮೇಲೆ ಗುರುವಿನ ಕಣ್ಣು ಮಂಜಾಯಿತು. ಸೀರೆಯನ್ನು ಇಷ್ಟಿಷ್ಟೇ ಮೇಲೆತ್ತಬೇಕಾದ ಕೈ ನಡುನಡುವೆ ನಿಲ್ಲತೊಡಗಿತು. ನಿಂತಲ್ಲೆಲ್ಲ ಬಟ್ಟೆಯ ಮೇಲೆ ಗೆರೆ ಬಿತ್ತು.

“ಗೆರಿ ಬಿದ್ದೈತೇನವಾ?” ಎಂದು ಕೇಳಿದ.

“ಇಲ್ರೀ ಅಜ್ಜಾರ. ಚಲೋ ಬಂದೈತಿ,” ಎಂದಳು ಸಾವಂತ್ರಿ.

ಮುದುಕನ ಜೀವವೆಲ್ಲ ಆ ತೊಟ್ಟಿಯಲ್ಲಿತ್ತು. ಅದನ್ನು ಬಿಡಿ ಎಂದು ಯಾವ ಬಾಯಿಂದ ಹೇಳುವುದು?

ಮಧ್ಯಾಹ್ನ ಅವನು ಅಡ್ಡಾದಾಗ ಅಂಚನ್ನಷ್ಟೇ ಮತ್ತೆ ಅದ್ದಿ ಗೆರೆ ಅಳಿಸಿದಳು. ಕೆಲವು ತಿಂಗಳಿಗೆ ಅರ್ಧ ಸೀರೆ ತಿದ್ದಬೇಕಾಯಿತು. ಕೊನೆಗೆ ಅವನು ಅದ್ದಿದ ಸೀರೆಯನ್ನು ಬಚ್ಚಿಟ್ಟು, ತಾನೇ ಅದ್ದಿದ್ದನ್ನು ಪೇಟೆಗೆ ಕಳಿಸಿದಳು.

ಪೇಟೆಯವರು ಹೊಗಳಿದರು. ಗುರು ಕೇಳಿಸಿಕೊಂಡು ಸುಮ್ಮನೆ ತಲೆದೂಗಿದ.

ಒಂದು ಬೆಳಿಗ್ಗೆ ಅವನು ತೊಟ್ಟಿಯ ನೀರನ್ನು ನಾಲಿಗೆಗೆ ಹಚ್ಚಿಕೊಂಡ. ಬಣ್ಣದ ಕಸುವು ಎಷ್ಟು ಉಳಿದಿದೆಯೆಂದು ಅವನು ನೋಡುತ್ತಿದ್ದುದೇ ಹಾಗೆ.

“ಈ ವಾರ ನಾ ಅದ್ದಿದ್ದು ಎರಡು ಸೀರಿ,” ಎಂದ. “ನಾಕು ಅದ್ದಿದಷ್ಟು ಸೋತೈತಿ ತೊಟ್ಟಿ.”

ಸಾವಂತ್ರಿ ಅವನ ಕಾಲು ಹಿಡಿದಳು. “ತಪ್ಪಾತ್ರೀ ಅಜ್ಜಾರ. ನಿಮ್ಮ ಮನಸ್ಸು ನೋಯಬಾರದು ಅಂತ ಮಾಡಿದೆ.”

“ಯಾವತ್ತಿನಿಂದ ನನಗ ಮೋಸ ಮಾಡಾಕ ಶುರು ಮಾಡಿದಿ?”

ಅವಳು ಒಂದೊಂದೇ ದಿನವನ್ನು ನೆನಪಿಸಿಕೊಂಡಳು. ಅಂಚು ತಿದ್ದಿದ್ದು ಮೋಸವೇ? ಅರ್ಧ ಸೀರೆ? ಸೇವೆ ಎಲ್ಲಿಗೆ ನಿಂತು ಮೋಸ ಎಲ್ಲಿಂದ ಶುರುವಾಯಿತೋ, ಎಷ್ಟು ಹುಡುಕಿದರೂ ತಿಳಿಯಲಿಲ್ಲ.

“ಗೊತ್ತಾಗವಲ್ದರೀ,” ಎಂದು ಅತ್ತಳು.

ಗುರು ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಗೋಡೆ ಹಿಡಿದು ಎದ್ದ.

“ಗೆರಿ ಎಲ್ಲಿ ಅಂತ ನಿನಗೂ ಕಾಣವಲ್ದು? ಹಂಗಾದ್ರ ನಿನಗ ಈ ಕೆಲಸ ಬಂದೈತಿ. ನಾಳಿಂದ ತೊಟ್ಟಿ ನಿಂದು. ಬಣ್ಣ ಚಲೋ ಬಂದೈತಿ ಅಂತ ಮಾತ್ರ ನನಗ ಇನ್ನ ಹೇಳಬ್ಯಾಡ.”