ಕ್ಲಬ್ಬಿನ ದೂರಿನ ಪುಸ್ತಕ

"ಗುರುಗಳೇ, ಜನ ದೂರಿದ್ದನ್ನೆಲ್ಲ ಸರಿಪಡಿಸಿದೆ. ಆದರೂ ಅವರು ಯಾಕೆ ಬರುವುದನ್ನೇ ಬಿಡುತ್ತಿದ್ದಾರೆ?" ಎಂದು ಶಿಷ್ಯ ಕೇಳಿದ.

ಅವನಿಗೆ ಮಠದ ವಾಚನಾಲಯದ ಹೊಣೆ ವಹಿಸಿ ಮೂರು ತಿಂಗಳಾಗಿತ್ತು. ಬೆಂಚು ಅಲುಗಾಡುತ್ತದೆ ಎಂದರು. ಹೊಸ ಬೆಂಚು ಹಾಕಿಸಿದ. ಪತ್ರಿಕೆ ತಡವಾಗಿ ಬರುತ್ತದೆ ಎಂದರು. ಬೆಳಕು ಹರಿಯುವ ಮುಂಚೆ ತರಿಸಿದ. ಈಗ ಬೆಂಚೂ ಇತ್ತು, ಪತ್ರಿಕೆಯೂ ಇತ್ತು, ಓದುವವರು ಮಾತ್ರ ದಿನಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದರು.

ಗುರು ನಕ್ಕು, ಕೂತುಕೋ ಎಂದರು. ಮಠದಲ್ಲಿ ಕ್ಲಬ್ಬಿನ ಕತೆಯೇ ಎಂದು ಹುಬ್ಬೇರಿಸಬೇಡ, ಅಲ್ಲಿ ಕೂರುವವರೂ ಮನುಷ್ಯರೇ ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ನೂರು ವರ್ಷ ದಾಟಿದ ಒಂದು ಕ್ಲಬ್ಬು ಇತ್ತು. ಊರಿನ ವಕೀಲರು, ಡಾಕ್ಟರು, ನಿವೃತ್ತ ಅಧಿಕಾರಿಗಳು ಅದರ ಸದಸ್ಯರು. ಸಂಜೆ ಐದಕ್ಕೆ ಬರುತ್ತಿದ್ದರು, ಉಪ್ಪಿಟ್ಟು ತಿಂದು ಕಾಫಿ ಕುಡಿಯುತ್ತಿದ್ದರು, ಇಸ್ಪೀಟು ಆಡಿ ಎಂಟಕ್ಕೆ ಮನೆಗೆ ಹೋಗುತ್ತಿದ್ದರು. ಆ ಕ್ಲಬ್ಬಿಗೆ ಹೊಸ ಜನರಲ್ ಮ್ಯಾನೇಜರ್ ಒಬ್ಬ ಬಂದ. ದೊಡ್ಡ ಹೋಟೆಲಿನ ಕೆಲಸ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದವನು. ಆರು ತಿಂಗಳು ಅವನ ಕೆಲಸ ನೋಡುವುದು, ಹಿಡಿಸಿದರೆ ಖಾಯಂ ಮಾಡುವುದು, ಇಲ್ಲದಿದ್ದರೆ ಕಳುಹಿಸುವುದು ಎಂದು ಕ್ಲಬ್ಬಿನ ಸಮಿತಿ ಮೊದಲೇ ಹೇಳಿತ್ತು. ಬಿಟ್ಟು ಬಂದ ಕೆಲಸಕ್ಕೆ ಮರಳುವ ದಾರಿ ಅವನಿಗಿರಲಿಲ್ಲ.

ಕ್ಲಬ್ಬಿನ ಜಗಲಿಯ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಅದು ದೂರಿನ ಪುಸ್ತಕ. ಅದರಲ್ಲಿ ದೂರು ಬರೆಯುವ ಹಕ್ಕು ಸದಸ್ಯರಿಗೆ ಮಾತ್ರ, ನೌಕರರು ಉತ್ತರ ಬರೆಯಬಹುದು ಎಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು. ಒಂದು ತುಂಬಿದರೆ ಇನ್ನೊಂದು ಇಡುತ್ತಿದ್ದರು. ಹಾಗೆ ಹದಿನಾಲ್ಕು ಪುಸ್ತಕ ತುಂಬಿ ಕಪಾಟು ಸೇರಿದ್ದವು.

ಬಂದ ದಿನವೇ ಮ್ಯಾನೇಜರ್ ಅದನ್ನು ತೆರೆದು ಓದಿದ. ಮೂರನೆಯ ಕುರ್ಚಿ ಕಿರುಗುಟ್ಟುತ್ತದೆ. ಕಾಫಿ ಬಿಸಿಯಿಲ್ಲ. ಕಾಫಿ ನಾಲಿಗೆ ಸುಡುತ್ತದೆ. ಹೆಬ್ಬಾಗಿಲ ಮೆಟ್ಟಿಲು ಒಡೆದಿದೆ. ಉಪ್ಪಿಟ್ಟಿಗೆ ಉಪ್ಪು ಸಾಲದು. ಉಪ್ಪಿಟ್ಟಿಗೆ ಉಪ್ಪು ಹೆಚ್ಚು. ಒಂದೊಂದು ದೂರಿನ ಕೆಳಗೂ ನಾಲ್ಕೈದು ಜನ ಹೌದೆಂದೋ ಅಲ್ಲವೆಂದೋ ಮತ್ತೆ ಬರೆದಿದ್ದರು. ಹಿಂದಿನ ಮ್ಯಾನೇಜರ್ ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ಆತ ಇಪ್ಪತ್ತೆಂಟು ವರ್ಷ ಅಲ್ಲೇ ಇದ್ದು, ಹಾರ ತುರಾಯಿ ಹಾಕಿಸಿಕೊಂಡು ನಿವೃತ್ತನಾಗಿದ್ದ. ಇಂಥ ಸೋಮಾರಿಯನ್ನು ಇವರು ಹೇಗೆ ಸಹಿಸಿಕೊಂಡರೋ ಎಂದುಕೊಂಡ ಹೊಸಬ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನೂ ಒಗೆದ. ಆದರೆ ಇವನದು ತೋರಿಕೆಯ ದುಡಿಮೆಯಾಗಿರಲಿಲ್ಲ, ಆ ಮಾತು ಹೇಳಲೇಬೇಕು. ಬಡಗಿಯನ್ನು ಕರೆಸಿ ಕುರ್ಚಿ ಬಿಗಿ ಮಾಡಿಸಿದ. ಮೆಟ್ಟಿಲಿಗೆ ಹೊಸ ಕಲ್ಲು ಹಾಕಿಸಿದ. ಅಡುಗೆಯವನ ಪಕ್ಕದಲ್ಲಿ ವಾರಗಟ್ಟಲೆ ನಿಂತು ಉಪ್ಪಿಟ್ಟಿನ ಹದ ಹಿಡಿಸಿದ. ಪುಸ್ತಕದ ಪ್ರತಿಯೊಂದು ದೂರಿನ ಕೆಳಗೂ ಕೆಂಪು ಶಾಯಿಯಲ್ಲಿ 'ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದ. ಮೆಟ್ಟಿಲಿಗಾಗಿ ಎಲ್ಲರೂ ಅವನ ಬೆನ್ನು ತಟ್ಟಿದರು, ಏಕೆಂದರೆ ಹಿಂದಿನ ಮಳೆಗಾಲದಲ್ಲಿ ಇಬ್ಬರು ಅಲ್ಲಿ ಜಾರಿ ಬಿದ್ದಿದ್ದರು. ಉಳಿದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ದೊಡ್ಡವರು, ಬಾಯಿಬಿಟ್ಟು ಹೊಗಳುವ ಜನವಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ನಾಲ್ಕನೆಯ ತಿಂಗಳಿಗೆ ಪುಸ್ತಕದಲ್ಲಿ ಹೊಸ ದೂರು ಒಂದೂ ಇರಲಿಲ್ಲ. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾದ. ಐದನೆಯ ತಿಂಗಳಿಗೆ ಕುರ್ಚಿಗಳಲ್ಲಿ ಜನವೂ ಇರಲಿಲ್ಲ. ಬಂದ ನಾಲ್ವರು ಕಾಫಿ ಕುಡಿದು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಆರಕ್ಕೆಲ್ಲ ಎದ್ದು ಹೋಗುತ್ತಿದ್ದರು. ಸಮಿತಿಯ ಕಾರ್ಯದರ್ಶಿ ಅವನನ್ನು ಕರೆದು, ಇನ್ನೊಂದು ತಿಂಗಳು ಹೀಗೇ ನಡೆದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಅವನಿಗೆ ಗೊತ್ತಿದ್ದ ವಿದ್ಯೆಯೆಲ್ಲ ಮುಗಿದಿತ್ತು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ.

ಅಲ್ಲಿಗೆ ನಿತ್ಯ ಬರುತ್ತಿದ್ದ ಒಬ್ಬ ವಯಸ್ಸಾದ ಡಾಕ್ಟರು ಹದಿನೈದು ದಿನದಿಂದ ಕಂಡಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಉಪ್ಪಿಟ್ಟಿಗೆ ಉಪ್ಪು ಸಾಲದು ಎಂದು ಬರೆಯುತ್ತಿದ್ದವರು ಅವರೇ. ಹೆಚ್ಚು ಎಂದು ಬರೆಯುತ್ತಿದ್ದವರು ಒಬ್ಬ ವಕೀಲರು. ಮ್ಯಾನೇಜರ್ ಒಂದು ಬೆಳಗ್ಗೆ ಡಾಕ್ಟರ ಮನೆಗೆ ಹೋಗಿ, ನಮ್ಮಲ್ಲಿ ಏನು ಕೊರತೆಯಾಯಿತು ಎಂದು ಕೈಮುಗಿದು ಕೇಳಿದ.

"ಕೊರತೆ ಏನೂ ಇಲ್ಲ ಕಣ್ರೀ" ಎಂದರು ಡಾಕ್ಟರು. "ಇಪ್ಪತ್ತು ವರ್ಷದಿಂದ ನಾನು ಉಪ್ಪು ಸಾಲದು ಅಂತಿದ್ದೆ, ವಕೀಲರು ಜಾಸ್ತಿ ಅಂತಿದ್ರು. ಹದಿನೈದು ದಿನದ ಹಿಂದೆ ನಾನು, ಈಗ ಹದವಾಗಿದೆ ಅಲ್ವೇ ಅಂದೆ. ಅವರೂ ಹೌದು ಅಂದ್ರು. ಆಮೇಲೆ ಇಬ್ಬರೂ ಗೋಡೆ ನೋಡ್ಕೊಂಡು ಕೂತ್ವಿ."

ವಕೀಲರನ್ನು ಮನೆಗೆ ಕರೆಯಬಹುದಲ್ಲ ಎಂದ ಮ್ಯಾನೇಜರ್. ಡಾಕ್ಟರು ಆಗದೆಂದು ತಲೆಯಾಡಿಸಿದರು. ಇಪ್ಪತ್ತು ವರ್ಷದಲ್ಲಿ ಒಬ್ಬರ ಮನೆಯ ಹೊಸಲು ಇನ್ನೊಬ್ಬರು ತುಳಿದಿರಲಿಲ್ಲ. ಕರೆದು ಏನು ಮಾತಾಡಬೇಕು ಎಂಬುದೇ ಅವರಿಗೆ ತಿಳಿಯದು. ಎರಡು ವರ್ಷದ ಹಿಂದಿನ ಪುಟಗಳನ್ನು ಒಮ್ಮೆ ನೋಡಿ ಎಂದಷ್ಟೇ ಹೇಳಿ ಕಳುಹಿಸಿದರು.

ಮ್ಯಾನೇಜರ್ ಕ್ಲಬ್ಬಿಗೆ ಮರಳಿ ಆ ಪುಟಗಳನ್ನು ತೆಗೆದ. ಡಾಕ್ಟರ ಹೆಂಡತಿ ತೀರಿಕೊಂಡ ದಿನಗಳು ಅವು. ವಕೀಲರು ಸಾವಿನ ಮನೆಗೆ ಹೋಗಿ ಸಮಾಧಾನ ಹೇಳಬಲ್ಲವರಲ್ಲ. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ನಾಲಿಗೆ ಅಂಥ ಕಡೆ ಏಳುತ್ತಲೇ ಇರಲಿಲ್ಲ. ಅವರು ಹದಿಮೂರು ದಿನವೂ ತಪ್ಪದೆ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: 'ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ. ಡಾಕ್ಟರು ಬಂದು ನೋಡಬೇಕು.' ಹದಿನಾಲ್ಕನೆಯ ದಿನ ಡಾಕ್ಟರ ನಡುಗುವ ಅಕ್ಷರದಲ್ಲಿ ಉತ್ತರವಿತ್ತು: 'ಬಂದು ನೋಡಿದೆ. ಸಾಲದು.'

ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಸರಿಪಡಿಸಲಾಗಿದೆ' ಎಂದಿತ್ತು. ತನ್ನದೇ ಸಹಿ. ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಅಂದು ಮಧ್ಯಾಹ್ನ ಅವನು ಮಾಡಬಾರದ ಕೆಲಸ ಮಾಡಿದ. ಅದೇ ಪುಸ್ತಕದಲ್ಲಿ ತಾನೇ ಒಂದು ದೂರು ಬರೆದ: 'ಎಂಟರವರೆಗೆ ಕೂರುತ್ತಿದ್ದ ಸದಸ್ಯರು ಆರಕ್ಕೇ ಎದ್ದು ಹೋಗುತ್ತಿದ್ದಾರೆ. ನನಗೆ ಬೇಸರವಾಗುತ್ತದೆ. ದಯವಿಟ್ಟು ಸರಿಪಡಿಸಿ.' ಹೇಗೂ ಕೆಲಸ ಹೋಗುವುದು ಖಂಡಿತ, ಅದಕ್ಕೆ ಮುಂಚೆ ಒಂದು ನಿಜವನ್ನಾದರೂ ಬರೆಯೋಣ ಎಂದುಕೊಂಡಿದ್ದ.

ಸಂಜೆ ವಕೀಲರು ಬಂದು ಅದನ್ನು ಓದಿದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ನೌಕರರು ದೂರು ಬರೆಯುವುದು ನಿಯಮಕ್ಕೆ ವಿರುದ್ಧ, ನೂರು ವರ್ಷದಲ್ಲಿ ಇಂಥದ್ದು ನಡೆದಿಲ್ಲ ಎಂದು ಕೆಳಗೆ ಬರೆದರು. ಅಷ್ಟಕ್ಕೆ ತಡೆಯಲಾಗದೆ, ಎಂದೂ ಮಾಡದವರು ಡಾಕ್ಟರಿಗೆ ಫೋನು ಮಾಡಿ, ಇಂಥ ಅನಾಚಾರ ನಡೆದಿದೆ, ಕೂಡಲೇ ಬನ್ನಿ ಎಂದರು. ಡಾಕ್ಟರು ಆಟೋ ಹಿಡಿದು ಬಂದರು. ವಕೀಲರಿಗೆ ನಿಯಮವೂ ಗೊತ್ತಿಲ್ಲ, ಉಪ್ಪೂ ಗೊತ್ತಿಲ್ಲ ಎಂದು ಅದರ ಕೆಳಗೆ ಬರೆದರು. ಸುದ್ದಿ ಹರಡಿತು. ಮರುದಿನ ಹನ್ನೊಂದು ಜನ, ವಾರದ ಹೊತ್ತಿಗೆ ಮೂವತ್ತು ಜನ. ಎಂಟು ಹೊಡೆದರೂ ಏಳುವವರಿಲ್ಲ.

ಆರನೆಯ ತಿಂಗಳು ಸಮಿತಿ ಸೇರಿತು. ನಿಯಮ ಮುರಿದದ್ದಕ್ಕೆ ಮ್ಯಾನೇಜರನಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟಿತು. ಖಾಯಂ ಮಾಡಿದ ಪತ್ರವೂ ಅದೇ ಲಕೋಟೆಯಲ್ಲಿತ್ತು. ಅವನು ಎರಡನ್ನೂ ಮನೆಗೆ ಒಯ್ದು ಹೆಂಡತಿಗೆ ತೋರಿಸಿದ. ಆಕೆ ನಗಬೇಕೋ ಬಯ್ಯಬೇಕೋ ತಿಳಿಯದೆ ಪಾಯಸ ಮಾಡಿದಳು.

ಈಗಲೂ ಅವನು ಸಂಜೆ ಪುಸ್ತಕ ಓದುತ್ತಾನೆ. ಯಾರಾದರೂ ಬೀಳುವಂಥದ್ದು ಕಂಡರೆ ಅಂದೇ ಆಳು ಕರೆಸುತ್ತಾನೆ. ಉಳಿದದ್ದನ್ನು ಓದಿ ಬರೆದವರ ಜೊತೆ ಕೂತು ನಗುತ್ತಾನೆ. ಉಪ್ಪಿಟ್ಟಿನ ಹದ ಕೆಟ್ಟಿಲ್ಲ. ಡಾಕ್ಟರು ಎರಡು ಸಲ ಹಾಕಿಸಿಕೊಂಡು ತಿಂದು, ಉಪ್ಪು ಸಾಲದು ಎಂದು ಬರೆಯುತ್ತಾರೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ತೃಪ್ತಿಯಾಗಲಿಲ್ಲ.

"ಯಾವ ದೂರನ್ನು ಸರಿಪಡಿಸಬೇಕು, ಯಾವುದರ ಜೊತೆ ಕೂರಬೇಕು ಎಂದು ನಾನು ಹೇಗೆ ತಿಳಿಯಲಿ? ಇದೊಂದು ಸಂಶಯವನ್ನು ಇವತ್ತೇ ಬಗೆಹರಿಸಿಬಿಡಿ" ಎಂದ.

"ಹನ್ನೆರಡು ವರ್ಷದಿಂದ ದಿನಕ್ಕೊಂದು ಸಂಶಯ ಹೊತ್ತು ತರುತ್ತಿದ್ದೀಯೆ; ಮೊದಲ ದಿನವೇ ಎಲ್ಲ ಬಗೆಹರಿಸಿಬಿಟ್ಟಿದ್ದರೆ, ಎರಡನೆಯ ದಿನ ನೀನು ನನ್ನ ಬಳಿ ಬರುತ್ತಿದ್ದೆಯಾ?" ಎಂದರು ಗುರು.